ಕಂಬಳಿಯ ಸಿಕ್ಕು

ನಮ್ಮ ಕೆಳಮನೆಯ ಆಯಮ್ಮ ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ಬೇರೆಯವರ ಮೈ ತೊಳೆದವರು. ಏಳಲಾರದವರು, ಮಾತು ನಿಂತವರು, ಬೆಂಕಿಗೆ ಸಿಕ್ಕಿ ಬಂದವರು, ಹೆತ್ತ ಮಕ್ಕಳೇ ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ನಿಂತಂಥವರು, ಎಲ್ಲರೂ ಅವರ ಕೈಗೆ ಬಂದಿದ್ದಾರೆ. ಕೆಲಸದಿಂದ ನಿವೃತ್ತರಾದ ಮೇಲೂ ಆ ಕೈ ಸುಮ್ಮನಿದ್ದದ್ದನ್ನು ನಾನು ಕಂಡಿಲ್ಲ. ಮಾತಾಡುತ್ತಾ ಕೂತರೆ ಹತ್ತಿರವಿದ್ದ ಟವೆಲ್ಲನ್ನು ಮೂಲೆಗೆ ಮೂಲೆ ಸೇರಿಸಿ ಮಡಿಸುತ್ತಾರೆ. ಬಿಚ್ಚಿ ಮತ್ತೆ ಮಡಿಸುತ್ತಾರೆ.

ಅವರ ಯಜಮಾನರು ಬೀಗ ರಿಪೇರಿ ಮಾಡುವವರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಗೋಡೆಯ ತುಂಬ ಮೊಳೆ, ಮೊಳೆಗೊಂದು ಗೊಂಚಲು ಕೀಲಿಕೈ. ಗಿರಾಕಿ ಯಾರಾದರೂ ತುಕ್ಕು ಹಿಡಿದ ಬೀಗವನ್ನು ಜಗ್ಗಾಡಿ ಕೆಡಿಸಿ ತಂದರೆ ಅವರಿಗೆ ಮೈಯೆಲ್ಲ ಉರಿ. "ಬಲ ಹಾಕೋದಾದ್ರೆ ನನ್ನ ಹತ್ರ ಯಾಕೆ ಬಂದ್ರಿ? ಸುತ್ತಿಗೆ ಹತ್ರ ಹೋಗಿ" ಅನ್ನುತ್ತಾರೆ. ಬೈದು ಮುಗಿಸಿ ರಿಪೇರಿಯನ್ನೂ ಮಾಡಿಕೊಡುತ್ತಾರೆ.

"ಬೀಗ ಒಡೆಯೋಕೆ ಅಂತ ಹೋದವರು ನಾಯಿ ಕಟ್ಕೊಂಡು ಬಂದ್ರು" ಎಂದೇ ಆಯಮ್ಮ ಈ ಕತೆ ಶುರು ಮಾಡುವುದು. ಒಂದು ಗೋದಾಮು ಮುಚ್ಚಿ, ಅದರ ಮಾಲೀಕರು ಊರು ಬಿಟ್ಟಿದ್ದರು. ಕೊಂಡವರು ಬಾಗಿಲು ತೆಗೆಸಲು ಇವರನ್ನು ಕರೆಸಿದರು. ಹಿತ್ತಲಲ್ಲಿ ಸರಪಳಿಯ ತುದಿಗೆ ಕರುವಿನ ಗಾತ್ರದ ನಾಯಿಯೊಂದು ಕೂತಿತ್ತು. ಮೈಕೂದಲೆಲ್ಲ ಜಡೆಗಟ್ಟಿ, ಯಾರೋ ಹಳೇ ಕಂಬಳಿ ಹೊದಿಸಿದ ಹಾಗಿತ್ತು. ಹೆಸರೂ ಅದೇ ನಿಂತಿತು, ಕಂಬಳಿ.

ಕಂಬಳಿ ಬೊಗಳುತ್ತಿರಲಿಲ್ಲ, ಹಟ ಮಾಡುತ್ತಿರಲಿಲ್ಲ, ಹಾಕಿದ್ದನ್ನು ತಿನ್ನುತ್ತಿತ್ತು. ಆದರೆ ಮುಟ್ಟುವ ಹಾಗಿರಲಿಲ್ಲ. ಕೈ ಚಾಚಿದರೆ ಸಾಕು, ಕಲ್ಲಾಗಿ ನಿಂತುಬಿಡುತ್ತಿತ್ತು. ಬೆರಳು ತಾಗಿದಲ್ಲಿ ಚರ್ಮ ಅಲೆಯ ಹಾಗೆ ನಡುಗುತ್ತಿತ್ತು. ಅದಕ್ಕೂ ಕೈ ತೆಗೆಯದಿದ್ದರೆ ಹಲ್ಲು ಕಾಣುತ್ತಿತ್ತು.

ಆಯಮ್ಮ ತಪ್ಪು ಮಾಡಿದ್ದು ಎರಡನೇ ದಿನ. ವಾರ್ಡಿನಲ್ಲಿ ಅವರು ಕಲಿತ ಮೊದಲ ಪಾಠ, "ಮೊದಲು ನೀರು, ಉಳಿದದ್ದೆಲ್ಲ ಆಮೇಲೆ." ಹಾಗಾಗಿ ನಾಯಿಯನ್ನು ಮನೆಯ ಹಿತ್ತಲಿನ ನಲ್ಲಿಗೆ ಕಟ್ಟಿ, ಎರಡು ಬಕೆಟ್ ಬಿಸಿನೀರು ಹುಯ್ದು, ಸೋಪು ಹಚ್ಚಿ ತಿಕ್ಕಿದರು. ನಾಯಿ ಅಲುಗಲಿಲ್ಲ. "ಒಪ್ಕೊಂಡಿದೆ ಅಂದ್ಕೊಂಡೆ" ಎಂದರು ನನ್ನ ಹತ್ತಿರ. "ಹೆದರಿ ಹೆಪ್ಪುಗಟ್ಟಿತ್ತು ಅಂತ ನನಗೆ ಹೊಳೀಲೇ ಇಲ್ಲ. ಎಷ್ಟು ಜನ ರೋಗಿಗಳನ್ನ ನೋಡಿದ್ದೆ ನಾನು, ಹಾಗೆ ಹೆಪ್ಪುಗಟ್ಟಿದವರನ್ನ!"

ಮೈ ಒಣಗಿದಾಗ ಜಡೆಗಳೆಲ್ಲ ಬಿಗಿದು ಗಟ್ಟಿಯಾದವು. ಒಂದೊಂದೂ ಬುಡದ ಚರ್ಮವನ್ನು ಹಿಡಿದು ಎಳೆಯತೊಡಗಿತು. ಸಂಜೆ ಹೊತ್ತಿಗೆ ಕಂಬಳಿ ಹೆಜ್ಜೆ ಇಟ್ಟರೆ ಕುಂಟುತ್ತಿತ್ತು, ಮಲಗಿದರೆ ಮುಲುಗುತ್ತಿತ್ತು.

ಪ್ರಾಣಿಗಳ ಡಾಕ್ಟರು ಮನೆಗೇ ಬಂದರು. ಸಣ್ಣ ವಯಸ್ಸಿನ ಹೆಣ್ಣುಮಗಳು, ಮಾತು ಕಡಿಮೆ. ಬಾಯಿಗೆ ಪಟ್ಟಿ ಕಟ್ಟಿಸಿ ಎದೆಗೆ ಸ್ಟೆತಾಸ್ಕೋಪ್ ಇಟ್ಟರು. ಬಹಳ ಹೊತ್ತು ತೆಗೆಯಲಿಲ್ಲ.

"ಸಿಕ್ಕು ಬಿಡಿಸಿ ಆಮೇಲೆ ನೀರು ಹಾಕ್ಬೇಕಿತ್ತು, ಅಮ್ಮ. ಒದ್ದೆಯಾದ್ರೆ ಗಂಟು ಬಿಗಿಯತ್ತೆ."

"ಈಗ ಗೊತ್ತಾಯ್ತು ತಾಯಿ."

"ಎಲ್ಲಾ ಬೋಳಿಸಿಬಿಡಬಹುದು, ಆದ್ರೆ ಮತ್ತಿನ ಇಂಜೆಕ್ಷನ್ ಕೊಡ್ದೆ ಇದು ಬಿಡಲ್ಲ. ಇದರ ಹೃದಯ ಸರಿಯಿಲ್ಲ. ಮತ್ತು ಕೊಟ್ರೆ ಎಚ್ಚರ ಆಗತ್ತೆ ಅಂತ ನಾನು ಮಾತು ಕೊಡಲಾರೆ."

"ಹಾಗೇ ಬಿಟ್ರೆ?"

"ಕೆಳಗೆ ಚರ್ಮ ಕೊಳೆಯತ್ತೆ. ಮೂರು ವಾರ ನೋಡೋಣ. ಕೈಯಲ್ಲಿ ಬಿಡಿಸೋಕೆ ಆದ್ರೆ ಸರಿ, ಇಲ್ಲಾಂದ್ರೆ ಇಂಜೆಕ್ಷನ್ನೇ ದಾರಿ." ಹೇಳಿ ಚೀಟಿಯಲ್ಲಿ ತಾರೀಖು ಬರೆದುಕೊಟ್ಟು ಹೋದರು.

ಆಯಮ್ಮ ಆ ಚೀಟಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದರು. "ಮೈ ತೊಳೆದು ಇಲ್ಲಿವರೆಗೆ ಯಾರನ್ನೂ ಸಾಯಿಸಿಲ್ಲ. ಈ ಮೂಕಪ್ರಾಣಿ ನನ್ನ ಕೈಯಿಂದ ಹೋಗಬಾರದು" ಎಂದರು. ಅಂದಿನಿಂದ ನನ್ನ ಬೆಳಗಿನ ಪ್ರಾರ್ಥನೆಯಲ್ಲಿ ಕಂಬಳಿಗೂ ಒಂದು ಮಾತು ಸೇರಿತು.

ಆಯಮ್ಮನಿಗೆ ಆಗ ನೆನಪಾದದ್ದು ಬಹಳ ಹಿಂದಿನ ಒಬ್ಬ ರೋಗಿ. ಸುಟ್ಟ ಮೈಯ ಹೆಂಗಸು, ಗಂಟಲಿಗೆ ಕೊಳವೆ, ಮಾತಿಲ್ಲ. ಗಾಯ ಒರೆಸಲು ಹೋದರೆ ಕಣ್ಣಲ್ಲೇ ಕಿರುಚುತ್ತಿದ್ದಳು. ಆಯಮ್ಮ ಅವಳೊಂದಿಗೆ ಒಂದು ಒಪ್ಪಂದ ಮಾಡಿಕೊಂಡಿದ್ದರು. "ನಿನ್ನ ಬೆರಳು ಹಾಸಿಗೆ ಮೇಲಿರೋವರೆಗೆ ನಾನು ಒರೆಸ್ತೀನಿ. ಬೆರಳು ಎತ್ತಿದ್ರೆ ಅಲ್ಲಿಗೇ ನಿಲ್ಲಿಸ್ತೀನಿ, ಯಾರು ಬೈದ್ರೂ ಸರಿ." ಮೊದಲ ದಿನ ಆಕೆ ಇಪ್ಪತ್ತು ಸಲ ಬೆರಳೆತ್ತಿದಳಂತೆ, ಮಾತು ಉಳಿಯುತ್ತದೋ ಇಲ್ಲವೋ ಎಂದು ನೋಡಲಿಕ್ಕೆ. ವಾರ ಕಳೆದ ಮೇಲೆ ಒಂದೋ ಎರಡೋ ಸಲ.

ನಾಯಿಗೆ ಬೆರಳೆಲ್ಲಿ? ಆಯಮ್ಮ ಕುಳ್ಳನೆಯ ಮರದ ಸ್ಟೂಲೊಂದನ್ನು ತಂದು ಅದರ ಮುಂದಿಟ್ಟರು. ಸ್ಟೂಲಿನ ಮೇಲೆ ಬ್ರೆಡ್ಡಿನ ಚೂರು. ಗದ್ದ ಸ್ಟೂಲಿಗೆ ತಾಗಿದರೆ ಇನ್ನೊಂದು ಚೂರು. ನಾಲ್ಕು ದಿನ ಇಷ್ಟೇ ಕೆಲಸ. ಒಮ್ಮೆಯೂ ಮುಟ್ಟಲಿಲ್ಲ.

ಯಜಮಾನರಿಗೆ ಇದು ತಮಾಷೆ. "ಏನೇ ಇದು, ಮೂರು ವಾರದಲ್ಲಿ ನಾಯಿ ಸರಿಹೋಗ್ಬೇಕೋ, ಸ್ಟೂಲು ಸರಿಹೋಗ್ಬೇಕೋ?"

"ನಿಮ್ಮ ಜೊತೆ ಮೂವತ್ತೆಂಟು ವರ್ಷ ಆಯ್ತು, ನೀವೇ ಸರಿಹೋಗಿಲ್ಲ. ಅದಕ್ಕೆ ನಾಲ್ಕು ದಿನ ಕೊಟ್ರೆ ತಪ್ಪೇನ್ರೀ?"

ಐದನೇ ದಿನ ಮುಟ್ಟಿದರು, ಹೇಳಿಯೇ ಮುಟ್ಟಿದರು. "ಭುಜ ಮುಟ್ತೀನಿ ಕಣಪ್ಪಾ." ಗದ್ದ ಎದ್ದಿತು, ಕೈ ಹಿಂದೆ ಬಂತು. ಗದ್ದ ಮತ್ತೆ ಇಳಿಯಿತು, ಕೈ ಮತ್ತೆ ಮುಂದೆ ಹೋಯಿತು. ಹಾಗೆ ಎಷ್ಟು ಸಲವೋ. ಆಮೇಲೆ ಕಬ್ಬಿಣದ ಬಾಚಣಿಗೆ. ಹಾಸಿಗೆ ಹಿಡಿದ ಹೆಂಗಸರ ಉದ್ದ ಕೂದಲು ಬಾಚಿದ ಅನುಭವ ಇಲ್ಲಿ ಒದಗಿತು. ಗಂಟಿಗೂ ಚರ್ಮಕ್ಕೂ ನಡುವಿನ ಕೂದಲನ್ನು ಎರಡು ಬೆರಳಲ್ಲಿ ಬಿಗಿಯಾಗಿ ಹಿಡಿದರೆ ಎಳೆತವೆಲ್ಲ ಬೆರಳಿಗೆ ಬೀಳುತ್ತದೆ, ಬುಡಕ್ಕೆ ನೋವಿಲ್ಲ. ಎರಡು ಹನಿ ಎಣ್ಣೆ ಬಿಟ್ಟು, ತುದಿಯಿಂದ ಶುರುಮಾಡಿ ಎಳೆ ಎಳೆಯಾಗಿ ಬಿಡಿಸಬೇಕು. ಬೆಳಿಗ್ಗೆ ಒಂದು ಗಂಟು, ಮಧ್ಯಾಹ್ನ ಒಂದು. ಉದುರಿದ ಕೂದಲು ಹಳೇ ಬಿಸ್ಕತ್ತಿನ ಡಬ್ಬಿ ಸೇರುತ್ತಿತ್ತು.

"ಇನ್ನೊಂದು ವಾರ ಹೋದ್ರೆ ನನಗೊಂದು ದಿಂಬಾಗತ್ತೆ" ಎಂದರು ಯಜಮಾನರು.

ಹದಿನಾಲ್ಕನೇ ದಿನಕ್ಕೆ ಬೆನ್ನು, ಭುಜ, ಎದೆ ಹಗುರವಾಗಿದ್ದವು. ಉಳಿದದ್ದು ಹಿಂಗಾಲಿನ ಸಂದು, ಹೊಟ್ಟೆ, ಕಿವಿಯ ಹಿಂಭಾಗ. ಎಲ್ಲವೂ ಮೆತ್ತನೆಯ ಜಾಗಗಳು. ಹಿಂಗಾಲು ಅಂದ ಕೂಡಲೇ ಗದ್ದ ಏಳುತ್ತಿತ್ತು. ಒಂದು ದಿನ, ಎರಡು ದಿನ, ಒಂದೆಳೆಯೂ ಬಿಡಲಿಲ್ಲ. ಗೋಡೆಯ ಚೀಟಿ ನೋಡಿ ನೋಡಿ ಯಜಮಾನರಿಗೆ ತಡೆಯಲಾಗಲಿಲ್ಲ. ನಾಯಿಯ ಮೇಲೆ ಅವರಿಗೂ ಜೀವ.

"ನಾನು ಕತ್ತು ಅಮುಕಿ ಹಿಡಿದಿರ್ತೀನಿ, ನೀನು ಕತ್ತರಿ ಆಡಿಸು. ಐದು ನಿಮಿಷದ ಕೆಲಸ."

"ಬೇಡ ರೀ. ಮಾತು ಕೊಟ್ಟಿದೀನಿ."

"ನಾಯಿಗಾ?"

"ಹೂಂ, ನಾಯಿಗೆ."

ಆಯಮ್ಮ ಬ್ರೆಡ್ಡು ತರಲು ಹೊರಗೆ ಹೋದಾಗ ಯಜಮಾನರು ಒಬ್ಬರೇ ನಾಯಿಯನ್ನು ಹಿಡಿಯಲು ಹೋದರು. ಆಯಮ್ಮ ಬಂದು ನೋಡಿದರೆ ಸ್ಟೂಲು ಬುಡಮೇಲಾಗಿ ಬಿದ್ದಿತ್ತು. ಯಜಮಾನರ ಅಂಗಿಯ ತೋಳು ಮೊಣಕೈವರೆಗೆ ಹರಿದಿತ್ತು. ನಾಯಿ ಅಂಗಡಿಯ ಮೇಜಿನ ಕೆಳಗೆ ಗೋಡೆಗೆ ಮೈ ಒತ್ತಿಕೊಂಡು, ಬಾಯಿ ತೆರೆದು ಏದುಸಿರು ಬಿಡುತ್ತಿತ್ತು.

ಆಯಮ್ಮ ಕೂಗಾಡಲಿಲ್ಲ. ಮೊದಲು ಗಂಡನ ತೋಳು ತಿರುಗಿಸಿ ನೋಡಿದರು. ಹಲ್ಲು ಬಟ್ಟೆಗಷ್ಟೇ ತಾಗಿತ್ತು. ಆಮೇಲೆ ಸ್ಟೂಲು ನೆಟ್ಟಗೆ ಮಾಡಿ ಕೇಳಿದರು, "ಬೀಗಕ್ಕೆ ಬಲ ಹಾಕ್ಕೊಂಡು ಬರೋ ಗಿರಾಕಿಗೆ ನೀವು ಏನಂತೀರಿ?"

ಅವರು ಹರಿದ ತೋಳನ್ನು ಮೇಲಕ್ಕೆ ಮಡಚಿಕೊಂಡರು.

ಮಾರನೇ ದಿನ ಕಂಬಳಿ ಸ್ಟೂಲಿನ ಹತ್ತಿರ ಸುಳಿಯಲಿಲ್ಲ. ಆಯಮ್ಮ ಸ್ಟೂಲಿನ ಪಕ್ಕದಲ್ಲಿ ಕೂತು ಟವೆಲ್ಲು ಮಡಿಸಿದರು. ಅಂಗಡಿಯಲ್ಲಿ ಯಜಮಾನರು ಏನೂ ತೋಚದೆ ಆ ಕಬ್ಬಿಣದ ಬಾಚಣಿಗೆ ಕೈಗೆತ್ತಿಕೊಂಡರು. ತಮ್ಮ ಮಣಿಕಟ್ಟಿನ ಒಳಬದಿಗೆ ಮೆಲ್ಲಗೆ ಎಳೆದು ನೋಡಿದರು. ಬಿಳೀ ಗೀರು ಮೂಡಿತು. ಇನ್ನೊಮ್ಮೆ ಎಳೆದರು. ಹಲ್ಲಿನ ತುದಿಗಳೆಲ್ಲ ಚೂಪು. ಬೆನ್ನಿನ ದಪ್ಪ ಚರ್ಮ ಇದನ್ನು ತಡೆದುಕೊಂಡಿತ್ತು, ಹಿಂಗಾಲಿನ ಸಂದು ಹೇಗೆ ತಡೆದೀತು?

ಬಾಚಣಿಗೆಯನ್ನು ಮೇಜಿಗೆ ಬಿಗಿದ ಇಕ್ಕಳಕ್ಕೆ ಸಿಕ್ಕಿಸಿ, ಕೀಲಿಕೈ ಮಾಡುವ ಸಣ್ಣ ಅರ ತೆಗೆದುಕೊಂಡು ಒಂದೊಂದೇ ಹಲ್ಲಿನ ತುದಿ ಉಜ್ಜಿ ಮೊಂಡು ಮಾಡತೊಡಗಿದರು. ನಲವತ್ತೆರಡು ಹಲ್ಲು. ಪ್ರತಿಯೊಂದನ್ನೂ ಮಣಿಕಟ್ಟಿಗೆ ತಾಗಿಸಿ ಪರೀಕ್ಷೆ. ಬಂದ ಇಬ್ಬರು ಗಿರಾಕಿಗಳನ್ನು "ನಾಳೆ ಬನ್ನಿ" ಎಂದು ಕಳಿಸಿದರು. ಮೇಜಿನ ಕೆಳಗಿಂದ ಕಂಬಳಿ ಆ ಸದ್ದನ್ನು ಕೇಳುತ್ತ ಮಲಗಿತ್ತು. ಸಂಜೆಗೆ ಬಾಚಣಿಗೆ ತಂದು ಹೆಂಡತಿಯ ಮಡಿಲಲ್ಲಿಟ್ಟು, "ತಗೋ. ಬಾಚಣಿಗೆಗೇ ಕ್ಷೌರ ಆಯ್ತು" ಎಂದಷ್ಟೇ ಹೇಳಿ ಒಳಗೆ ಹೋದರು.

ಇನ್ನೂ ಒಂದು ದಿನ ಕಳೆಯಿತು. ಹದಿನೆಂಟನೇ ದಿನ ಬೆಳಿಗ್ಗೆ ಆಯಮ್ಮ ಕರೆಯುವ ಮೊದಲೇ ಕಂಬಳಿ ಬಂದು ಸ್ಟೂಲಿನ ಮೇಲೆ ಗದ್ದ ಇಟ್ಟಿತು.

"ಹಿಂಗಾಲು ಮುಟ್ತೀನಿ ಕಣಪ್ಪಾ." ಗದ್ದ ಎದ್ದಿತು. ಕೈ ಹಿಂದೆ ಬಂತು. ಗದ್ದ ಇಳಿಯಿತು. ಆ ದಿನ ಹಿಂಗಾಲಿನ ಅರ್ಧ ಗಂಟು ಬಿಟ್ಟಿತು.

ಚೀಟಿಯಲ್ಲಿದ್ದ ತಾರೀಖಿಗೆ ಡಾಕ್ಟರು ಬಂದಾಗ ಉಳಿದಿದ್ದದ್ದು ಒಂದೇ ಗಂಟು, ಕಿವಿಯ ಹಿಂದೆ, ಗೋಲಿಯಷ್ಟು. ಡಾಕ್ಟರು ಕೈ ಚಾಚಿದರು.

"ಡಾಕ್ಟ್ರೇ, ಹೇಳಿ ಮುಟ್ಟಿ" ಎಂದರು ಆಯಮ್ಮ.

ಆಕೆ ನಕ್ಕರು. ಆಮೇಲೆ ಗಂಭೀರವಾಗಿಯೇ ಹೇಳಿದರು, "ಕಂಬಳೀ, ಹೊಟ್ಟೆ ನೋಡ್ತೀನಪ್ಪಾ." ಗದ್ದ ಸ್ಟೂಲಿನ ಮೇಲೇ ಇತ್ತು. ಹೊಟ್ಟೆ, ಸಂದು, ತೊಡೆ ಎಲ್ಲ ನಿಧಾನವಾಗಿ ತಡವಿ ನೋಡಿದರು. ಎರಡು ಕಡೆ ಕೆಂಪಾಗಿತ್ತು, ಆದರೆ ಒಣಗಿತ್ತು.

"ಇಂಜೆಕ್ಷನ್ ಬೇಡ. ಮುಲಾಮು ಬರೆದುಕೊಡ್ತೀನಿ, ಸಾಕು. ಆ ಕಿವಿ ಹಿಂದಿನದನ್ನ ಈಗಲೇ ಕತ್ತರಿಸಿಬಿಡ್ಲಾ?"

ಗದ್ದ ಎದ್ದಿತು.

"ಬೇಡ ಅಂತಿದೆ."

"ಸರಿ, ನಾಳೆ ನೀವೇ ನೋಡ್ಕೊಳ್ಳಿ" ಎಂದು ಡಾಕ್ಟರು ಚೀಲ ಮುಚ್ಚಿದರು.

ಅವರನ್ನು ಬೀದಿಯವರೆಗೆ ಬಿಟ್ಟು ಬಂದ ಯಜಮಾನರು ಚಪ್ಪಲಿ ಕಳಚಲೆಂದು ಅದೇ ಸ್ಟೂಲಿನ ಮೇಲೆ ಕೂತುಬಿಟ್ಟರು. ಕಂಬಳಿ ಬಂದು ಸ್ವಲ್ಪ ಹೊತ್ತು ನಿಂತಿತು. ತನ್ನ ಜಾಗ ಹುಡುಕಿತು. ಜಾಗ ಕಾಣದೆ ಅವರ ಮೊಣಕಾಲಿನ ಮೇಲೆ ಗದ್ದ ಊರಿತು.

ಅವರು ಉಸಿರೂ ಆಡಲಿಲ್ಲ. "ಏನೇ... ಈಗ ನಾನೇನು ಮಾಡ್ಬೇಕು?"

"ಹೇಳಿ ಮುಟ್ಟಿ."

ದೊಡ್ಡ ಅಧಿಕಾರಿಯ ಮುಂದೆ ನಿಂತವರ ಹಾಗೆ ಗಂಟಲು ಸರಿಮಾಡಿಕೊಂಡರು. "ತಲೆ... ತಲೆ ಮುಟ್ತೀನಪ್ಪಾ."

ಗದ್ದ ಏಳಲಿಲ್ಲ.

ಅಷ್ಟರಲ್ಲಿ ಮುಂದಿನ ಕೋಣೆಯಿಂದ ಯಾರೋ ಕೂಗಿದರು. ಬೀಗ ಸಿಕ್ಕಿಹಾಕಿಕೊಂಡಿದೆಯಂತೆ, ಅರ್ಜೆಂಟಂತೆ. ಯಜಮಾನರು ಅಲುಗದೆ ಕೂತಲ್ಲಿಂದಲೇ ಹೇಳಿದರು, "ಸ್ವಲ್ಪ ಕಾಯಿರಿ ಸ್ವಾಮಿ. ಈಗ ಏಳೋ ಹಾಗಿಲ್ಲ."