ಹೋಟೆಲಿನ ಆ ಹನ್ನೊಂದು ವರ್ಷ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಲಿಖಿತ ಶಿಸ್ತನ್ನೂ, ಒಂದು ಮಟ್ಟನ್ನು ಹಿಡಿದು ಆ ಕ್ಷಣದಲ್ಲೇ ಹೊಸದಾಗಿ ಬೆಳೆಸುವ ಜಾಝ್‌ನ ಮನೋಧರ್ಮವನ್ನೂ ಒಂದೇ ಪಿಯಾನೊದ ಮೇಲೆ ಸಾಧಿಸಿದವರು ಈ ನಗರದಲ್ಲಿ ವಿರಳ. ಅಂಥವರಲ್ಲಿ ವಿದುಷಿ ಶಿವಕ್ಕನವರಿಗೆ ಅಗ್ರಸ್ಥಾನವೆಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ಬಸವೇಶ್ವರನಗರದ ನಮ್ಮ ಸಂಗೀತ ವಿದ್ಯಾಲಯದಲ್ಲಿ ಮೂವತ್ತೆರಡು ವರ್ಷ ಪಾಠ ಹೇಳಿ ಅವರೀಗ ನಿವೃತ್ತರಾಗುತ್ತಿದ್ದಾರೆ. ಈ ಅಭಿನಂದನ ಗ್ರಂಥದ ಸಂಪಾದಕ, ಅವರ ಶಿಷ್ಯ ಚಿ. ಬಸವಕಿರಣ್ ಫೋನಿನಲ್ಲಿ ಲೇಖನ ಕೇಳುತ್ತ ಸಂಕೋಚದಿಂದ ಒಂದು ಮಾತು ಸೇರಿಸಿದ: “ಸಾರ್, ಮೇಡಂ ಹೋಟೆಲಲ್ಲಿ ಜಾಝ್ ನುಡಿಸ್ತಿದ್ರಲ್ಲ, ಅದೊಂದು ಬಿಟ್ಬಿಡಿ. ಮ್ಯಾನೇಜ್‌ಮೆಂಟ್‌ನೋರಿಗೆ ಇಷ್ಟ ಇಲ್ಲ.”

ಬಿಡುವುದಿಲ್ಲ. ಆ ಹನ್ನೊಂದು ವರ್ಷಗಳನ್ನು ಅಳಿಸಿದ ಮೇಲೆ ಉಳಿಯುವ ಶಿವಕ್ಕನವರನ್ನು ನಾನು ಕಂಡೇ ಇಲ್ಲ. ಕಾಣದವರನ್ನು ಅಭಿನಂದಿಸುವುದು ನನ್ನಿಂದಾಗದು.

ಹುಬ್ಬಳ್ಳಿಯ ರೈಲ್ವೆ ಕಾಲೋನಿಯಲ್ಲಿ ಬೆಳೆದು, ಅಲ್ಲಿನ ಚರ್ಚಿನ ಆರ್ಗನ್ ವಾದಕರಲ್ಲಿ ಬೆರಳು ತಿದ್ದಿಸಿಕೊಂಡ ಅವರು 1993ರಲ್ಲಿ ನಮ್ಮಲ್ಲಿಗೆ ಬಂದರು. ನಾನಾಗ ಅಲ್ಲಿ ಸಂಸ್ಕೃತವನ್ನೂ ಸಂಗೀತದ ಲಕ್ಷಣಶಾಸ್ತ್ರವನ್ನೂ ಬೋಧಿಸುತ್ತಿದ್ದೆ. ಲಿಂಗಪೂಜೆಯಾಗದೆ ನೀರು ಮುಟ್ಟದ ಅವರ ನಿಷ್ಠೆಯನ್ನು ಮೆಚ್ಚಿದೆ; ವಾದ್ಯವನ್ನು ಮೆಚ್ಚಲಿಲ್ಲ. ಐದು ವರ್ಷಗಳ ತರುವಾಯ ಅವರು ಸಂಜೆಗಳಲ್ಲಿ ಬಸ್ಸು ಹಿಡಿದು ನಗರದ ನಡುವಿನ ಹೋಟೆಲೊಂದಕ್ಕೆ ಜಾಝ್ ನುಡಿಸಲು ಹೋಗತೊಡಗಿದಾಗಲಂತೂ ಮಾತು ಬಿಟ್ಟೆ. ಆದರೆ ಪಕ್ಕದ ಕೊಠಡಿಯಿಂದ ಅವರ ಪಾಠ ಕೇಳಿಸುತ್ತಿತ್ತು. ಪರೀಕ್ಷೆಯಲ್ಲಿ ಒಂದು ಸಾಲು ಮರೆತು, ಇನ್ನು ಪಿಯಾನೊ ಮುಟ್ಟೆನೆಂದು ಅತ್ತ ವಚನಾ ಎಂಬ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, “ಪುಸ್ತಕ ಮುಚ್ಚವಾ. ಮರೆತ ಜಾಗಾದಾಗ ನಿಂದೊಂದು ಸಾಲು ಹಾಕು” ಎಂದು ದಿನಕ್ಕೊಂದು ಹೊಸ ಸಾಲು ಕಟ್ಟಿಸಿದರು. ತಿಂಗಳೊಳಗೆ ಹುಡುಗಿಯ ಭಯ ಹೋಯಿತು; ಮರೆತದ್ದು ತಾನಾಗಿ ಮರಳಿತು. ಆ ಬೋಧನಕ್ರಮ ಯಾವ ಪಠ್ಯದಲ್ಲೂ ಇರಲಿಲ್ಲ, ಹೋಟೆಲಿನಿಂದ ಬಂದಿತ್ತು.

2004ರಲ್ಲಿ ವಿದ್ಯಾಲಯದ ಆಡಳಿತ ಮಂಡಳಿಯ ಅಂದಿನ ಅಧ್ಯಕ್ಷರಾದ ಯೋಗಾನಂದರು ಸಭೆ ಕರೆದು ಕೇಳಿದರು: “ಕುಡಿಯೋರ ಮುಂದೆ ಬಾರಿಸಿದ ಕೈಯಲ್ಲೇ ಮಕ್ಕಳಿಗೆ ಪಾಠ ಹೇಳ್ತೀರೇನಮ್ಮ?”

“ಕೈ ತೊಳಕೊಂಡೇ ಬರ್ತೇನ್ರೀ ಸರ. ಕುಡಿಯೋರು ಅವರು, ಪಿಯಾನೊ ಅಲ್ರೀ.”

ಯಾರೂ ನಗಲಿಲ್ಲ. ಹೋಟೆಲು ಬಿಡಬೇಕು, ಇಲ್ಲವೇ ಕೆಲಸ ಬಿಡಬೇಕೆಂದು ಹದಿನೈದು ದಿನದ ಗಡುವು ಕೊಟ್ಟರು. ಶಿವಕ್ಕನವರು ಎರಡನ್ನೂ ಬಿಡೆನೆಂದರು. ಆಗ, ಜಾಝ್ ಅಶಾಸ್ತ್ರೀಯವೆಂದು ಬರೆದುಕೊಡುವಂತೆ ಮಂಡಳಿಯವರು ನನ್ನನ್ನು ಕೇಳಿದರು. ವಜಾ ಆದೇಶಕ್ಕೆ ಅದೊಂದು ಕಾಗದ ಬೇಕಾಗಿತ್ತು.

ಕೇಳದೆ ಬರೆಯಲಾರೆನೆಂದು ವಿಭೂತಿ ಧರಿಸಿದ ಹಣೆಯಲ್ಲೇ ಆ ಹೋಟೆಲಿಗೆ ಹೋಗಿ ಕುಳಿತೆ. ಮಾಣಿ ಬಂದು, “ಸ್ವಾಮಿಗಳೇ, ಏನು ತರ್ಲಿ? ನೀರಾದ್ರೂ?” ಎಂದ.

“ಏನೂ ಬೇಡಪ್ಪ, ಕೇಳೋಕೆ ಬಂದಿದೀನಿ.”

“ಹಾಗಿದ್ರೆ ಇಲ್ಲಿ ನೀವೊಬ್ರೇ!”

ಬೆಳಗ್ಗೆ ಮಕ್ಕಳಿಗೆ ಕಲಿಸಿದ ಶಾಸ್ತ್ರೀಯ ರಚನೆಯನ್ನೇ ಶಿವಕ್ಕನವರು ಎತ್ತಿಕೊಂಡರು. ಮೊದಲ ಸಲ ಬರೆದಂತೆಯೇ ನುಡಿಸಿದರು. ಎರಡನೆಯ ಸಲ ಎಡಗೈ ನಿಯಮವನ್ನು ಬಿಗಿಯಾಗಿ ಹಿಡಿದಿರಲು ಬಲಗೈ ಅದರಿಂದ ಹೊರಟು, ಅಲೆದು, ಸಮಯಕ್ಕೆ ಸರಿಯಾಗಿ ಹಿಂತಿರುಗಿತು. ನಿಯಮಬದ್ಧವಾದ ಮಾರ್ಗವನ್ನೂ ಜನರುಚಿಗೆ ಒಲಿದ ದೇಶಿಯನ್ನೂ ನಮ್ಮ ಲಕ್ಷಣಕಾರರು ಒಂದೇ ಶಾಸ್ತ್ರದೊಳಗೆ ಕೂರಿಸಿದರೆಂದು ಇಪ್ಪತ್ತು ವರ್ಷ ಪಾಠ ಹೇಳಿದ್ದ ನಾನು, ನನ್ನ ಪಾಠವನ್ನು ಅಂದು ಮೊದಲ ಬಾರಿಗೆ ಕೇಳಿದೆ. ಮರುದಿನ ಬರೆದುಕೊಟ್ಟೆ: “ಇದು ಅಶಾಸ್ತ್ರೀಯವಲ್ಲ. ಕೇಳದೆ ತೀರ್ಪು ಕೊಡುವುದು ಅಶಾಸ್ತ್ರೀಯ. ಆ ದೋಷದಲ್ಲಿ ನನಗೂ ಪಾಲಿದೆ.”

ವಜಾ ನಿಂತಿತು. ಆದರೆ ಮೂರು ಸಲ ಶಿವಕ್ಕನವರಿಗಿಂತ ಕಿರಿಯರನ್ನು ಪ್ರಾಂಶುಪಾಲರನ್ನಾಗಿ ಮಾಡಲಾಯಿತು. ಅವರು ಒಂದು ಅರ್ಜಿಯನ್ನೂ ಬರೆಯಲಿಲ್ಲ. ಒಂದು ಸಂಜೆಯನ್ನೂ ತಪ್ಪಿಸಲಿಲ್ಲ. 2009ರಲ್ಲಿ ಹೋಟೆಲಿನವರೇ ಪಿಯಾನೊ ಮಾರಿದಾಗ ಮಾತ್ರ ಅದು ನಿಂತಿತು. ಕೆಲಸವನ್ನೇ ಒತ್ತೆಯಿಟ್ಟು ಅವರು ಉಳಿಸಿಕೊಂಡ ವರ್ಷಗಳನ್ನು, ಅವರನ್ನು ಗೌರವಿಸುವ ನೆಪದಲ್ಲಿ ನಾವು ಕಸಿದುಕೊಳ್ಳುವುದೇ?

ಇಷ್ಟನ್ನೂ ಬಸವಕಿರಣನಿಗೆ ಓದಿಹೇಳಿ, ಅಚ್ಚಾದರೆ ಪೂರ್ತಿ, ಇಲ್ಲವಾದರೆ ಹಿಂದಿರುಗಿಸೆಂದೆ. ಅವನು, “ಒಂದಕ್ಷರ ತೆಗೆಯಲ್ಲ ಸಾರ್. ಬೈಸ್ಕೊಳೋದು ನಂಗಿರ್ಲಿ” ಎಂದ. ಶಿಷ್ಯನೆಂದರೆ ಇವನು.

ಪರಶಿವನು ಶಿವಕ್ಕನವರಿಗೆ ನೂರು ತುಂಬಿಸಲಿ, ಅವರ ಹತ್ತೂ ಬೆರಳುಗಳಿಗೆ ಅಷ್ಟೇ ಆಯುಸ್ಸು ಕೊಡಲಿ. ಮುಂದಿನ ತಿಂಗಳಿನಿಂದ ಪ್ರತಿ ಶನಿವಾರ ಸಂಜೆ ಆರೂವರೆಗೆ ರಾಜರಾಜೇಶ್ವರಿನಗರದ ಹೋಟೆಲೊಂದರಲ್ಲಿ ಅವರು ಮತ್ತೆ ಜಾಝ್ ನುಡಿಸಲಿದ್ದಾರೆ. ಆಡಳಿತ ಮಂಡಳಿಯ ಏಳೂ ಸದಸ್ಯರ ಹೆಸರಿನಲ್ಲಿ ಮುಂದಿನ ಸಾಲಿನ ಕುರ್ಚಿಗಳನ್ನು ನಾನು ಈಗಾಗಲೇ ಕಾಯ್ದಿರಿಸಿದ್ದೇನೆ.