ಹಗುರ ಜೋಡಿ ಹುಡುಕಿದ ಅಕ್ಕೋರು

ಅಕ್ಕೋರ ಎರಡೂ ಕಿವಿಯ ಸುತ್ತ ಹೆಡ್‌ಫೋನು ಒತ್ತಿದ ಕೆಂಪು ಕಲೆ ಇರುತ್ತಿತ್ತು. ಇಳಕಲ್ಲಿನ ಕಾಲೇಜಿನಲ್ಲಿ ವಿಜ್ಞಾನ ಕಲಿಸುತ್ತ ನಮ್ಮ ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿದ್ದರು. ಕೆಳಗೆ ನನ್ನ ಮಗ್ಗ, ಮೇಲೆ ಅವರ ಕಂಪ್ಯೂಟರ್. ಮಗ್ಗದ ಸದ್ದು ಹೆಚ್ಚಾದರೆ ಹಿಮ್ಮಡಿಯಿಂದ ನೆಲ ಕುಟ್ಟುತ್ತಿದ್ದರು. ನಾನೂ ಬಿಡದೆ ಜೋರಾಗಿ ಬಡಿಯುತ್ತಿದ್ದೆ.

ಎರಡು ಕಪ್ಪುಕುಳಿಗಳು ಸುತ್ತಿ ಸುತ್ತಿ ಡಿಕ್ಕಿ ಹೊಡೆದರೆ ಅದರ ಅಲೆಗೆ ಭೂಮಿಯೂ ಕಾಣದಷ್ಟು ಸಣ್ಣಗೆ ಜಗ್ಗುತ್ತದಂತೆ. ಇವರು ಹುಡುಕುತ್ತಿದ್ದುದು ಸೂರ್ಯನಿಗಿಂತ ಹಗುರಾದ ಜೋಡಿ. ಸತ್ತ ನಕ್ಷತ್ರದಿಂದ ಅಷ್ಟು ಹಗುರಾದದ್ದು ಹುಟ್ಟುವುದಿಲ್ಲ; ಸಿಕ್ಕರೆ ಅದು ಜಗತ್ತು ಹುಟ್ಟಿದಾಗಿನದೇ ಇರಬೇಕು ಎನ್ನುತ್ತಿದ್ದರು.

"ಗಂಡನ್ನ ಹುಡುಕೋ ವಯಸ್ಸಿನ್ಯಾಗ ತೂತು ಹುಡುಕಾಕತ್ತೀರಲ್ಲ ಅಕ್ಕೋರ!" ಎಂದೆ.

"ತೂತು ಸಿಗದಿದ್ರ ಎಲ್ಲಿ ಇಲ್ಲ ಅನ್ನೋದಾದ್ರೂ ಗೊತ್ತಾಗ್ತೈತಿ ಆಯಿ. ಗಂಡಸರ ವಿಷಯದಾಗ ಅಷ್ಟೂ ಗೊತ್ತಾಗೂದಿಲ್ಲ."

ಆ ಅಲೆ ಗುರುತಿಸಲು, ಹೋಲಿಸಿ ನೋಡುವ ಸಾವಿರಾರು ಮಾದರಿ ಬೇಕು. ನಾಲ್ಕು ವರ್ಷ ಒಬ್ಬರೇ ಕೂತು ಕಟ್ಟಿದರು. ಒಂದೊಂದು ಗುಂಪಿಗೆ ನಮ್ಮ ಸೀರೆಯಂಚಿನ ದಡಿಗಳ ಹೆಸರಿಟ್ಟರು: ಗೋಮಿ, ಪರಾಸಪೇಟ, ಗಾಡಿ.

ಅಷ್ಟರಲ್ಲಿ ಹೊಟ್ಟೆಯಲ್ಲಿ ಗಡ್ಡೆಯಾಗಿ ಬಾಗಲಕೋಟೆಯ ದವಾಖಾನೆ ಸೇರಿದರು. ಈ ಹುಡುಕಾಟದಲ್ಲಿ ಅವರ ಮೇಲಿದ್ದ ಸಾಹೇಬ, ಶಹರದವನು, ಆ ಮಾದರಿಗಳ ಪಟ್ಟಿಯನ್ನು ತನ್ನೊಬ್ಬನ ಹೆಸರಲ್ಲಿ ಅಚ್ಚು ಹಾಕಿಸಿದ. ಅಕ್ಕೋರು ಅಳಲಿಲ್ಲ.

"ಆಯಿ, ಅವನ್ನ ನಾಕು ಮಂದ್ಯಾಗ ನಿಲ್ಲಿಸಿ ಕೇಳಬೇಕು. ನನಗ ಏಳಾಕ ಆಗವಲ್ದು."

"ನಾ ಅದೀನಲ್ಲ," ಎಂದೆ.

ನಮ್ಮೂರ ಕಾಲೇಜಿನಲ್ಲೇ ಅವನಿಗೆ ಸನ್ಮಾನ ಇಟ್ಟರು. ಹೆಂಡತಿಗೆ ಇಳಕಲ್ ಸೀರೆ ಉಡಿಸಿ ಪಕ್ಕದಲ್ಲಿ ಕೂರಿಸಿದ್ದರು. ಪರದೆಯ ಮೇಲೆ ಪಟ್ಟಿ ಬಿಟ್ಟು, ನಾಲಿಗೆ ತಿರುಚಿ "ಗೋಮೀ, ಪರಾಸ್‌ಪೆಟ್, ಗ್ಯಾಡಿ" ಎಂದು ಓದಿದ. ನಾನು ಎದ್ದು ನಿಂತೆ.

"ಸಾಹೇಬ್ರ, ಪರಾಸಪೇಟ ಅಂದ್ರ ಏನ್ರಿ?"

"ಅದು ತಾಂತ್ರಿಕ ಪದ ಅಜ್ಜಿ, ನಿಮಗೆ ತಿಳಿಯುವುದಿಲ್ಲ."

"ತಿಳೀಲಾರದ್ದು ನಿಮಗರಿ. ನಿಮ್ಮ ಮನಿಯವ್ರು ಉಟ್ಟಾರಲ್ಲ, ಆ ಸೀರಿ ದಡೀನ ಪರಾಸಪೇಟ. ಈ ಹೆಸರು ಇಟ್ಟಾಕಿ ಬಾಗಲಕೋಟ್ಯಾಗ ಮಲಗ್ಯಾಳ. ಆಕಿ ಹೆಸರು ಎಲ್ಲೈತ್ರಿ?"

ಕೂತವರಲ್ಲಿ ಅರ್ಧ ಮಂದಿ ನೇಕಾರರ ಮಕ್ಕಳು. ಮೊದಲು ಹಿಂದಿನ ಸಾಲು ನಕ್ಕಿತು, ಆಮೇಲೆ ಎಲ್ಲರೂ. ಹೆಂಡತಿ ಬಗ್ಗಿ ತನ್ನ ದಡಿ ನೋಡಿಕೊಂಡಳು. ಅವನು ನೀರು ಕುಡಿದ.

ಮರುದಿನ ಬಸ್ಸು ಹಿಡಿದು ಹೋಗಿ ಹೇಳಿದೆ. ಅಕ್ಕೋರು ಹೊಟ್ಟೆಯ ಹೊಲಿಗೆ ಒತ್ತಿಹಿಡಿದು ನಕ್ಕರು. "ನೀರು ಎಷ್ಟ ಸಲ ಕುಡಿದಾ ಆಯಿ?"

"ನಾಕು ಸಲ." ಕುಡಿದದ್ದು ಎರಡೇ ಸಲ. ಅದಾದ ಹನ್ನೆರಡನೇ ದಿನ ಅಕ್ಕೋರು ತೀರಿಕೊಂಡರು.

ಆಮೇಲೆ ಅವನು ತಿದ್ದಿದ ಕಾಗದ ಹಿಡಿದು ನನ್ನ ಬಾಗಿಲಿಗೆ ಬಂದ. ಅಕ್ಕೋರ ಹೆಸರು ಎಲ್ಲಕ್ಕಿಂತ ಮೇಲಿತ್ತು. ಕೈಮುಗಿದು, "ಈಗ ಸರಿಯಾಯಿತಾ?" ಎಂದು ಕೇಳಿದ. ಕಾಗದ ಇಸಿದುಕೊಂಡು ಬಾಗಿಲು ಹಾಕಿದೆ.

ಆ ಜೋಡಿ ಇನ್ನೂ ಸಿಕ್ಕಿಲ್ಲವಂತೆ. ಅಕ್ಕೋರ ಮಾದರಿ ಇಟ್ಟುಕೊಂಡೇ ಅವನು ಹುಡುಕಬೇಕು, ಎಲ್ಲಿ ಹೋದರೂ ಮೊದಲು ಅವರ ಹೆಸರು ಹೇಳಿಯೇ ಬಾಯಿ ತೆರೆಯಬೇಕು. ಹೇಳಲಿ. ಹಲ್ಲು ಉದುರುವ ತನಕ ಹೇಳಲಿ.