ಅವ್ವ ಒಗೆಯಲು ಬಿಡದ ಅಂಗಿ

೧೯೪೭ರ ಸೆಪ್ಟೆಂಬರ್. ದೇಶಕ್ಕೇನೋ ಸ್ವಾತಂತ್ರ್ಯ ಬಂದಿತ್ತು. ನಮ್ಮ ಮೈಸೂರು ಸಂಸ್ಥಾನದಲ್ಲಿ ಮಾತ್ರ ಜನರೇ ಆರಿಸಿದ ಜವಾಬ್ದಾರಿ ಸರ್ಕಾರ ಬೇಕೆಂದು ಇನ್ನೂ ಮೆರವಣಿಗೆ ನಡೆದೇ ಇತ್ತು. ಆಗ ನನಗೆ ಹದಿನೈದು. ಮದ್ದೂರಿನ ನಮ್ಮ ಮನೆಯಲ್ಲಿ ಅವ್ವ, ಇಪ್ಪತ್ತರ ಅಣ್ಣ ಸಿದ್ದ, ನಾನು, ಮೂವರೇ. ಅಪ್ಪ ತೀರಿಕೊಂಡಿದ್ದರು.

ಅವ್ವನ ಪುಕ್ಕಲುತನ ಇಡೀ ಬೀದಿಗೆ ಗೊತ್ತಿತ್ತು. ಪಕ್ಕದ ಮನೆಯಲ್ಲಿ ಕೋಳಿ ಕುಯ್ದರೂ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಆ ವರ್ಷ ಸುಗ್ಗಿಯಲ್ಲಿ ಬೀದಿಯವರು ಸೇರಿ ನಾಟಕ ಆಡಿದರು. ಅಣ್ಣನದು ರಾಕ್ಷಸನ ಪಾತ್ರ. ಕೊನೆಗೆ ಅವನ ಹೊಟ್ಟೆ ಬಗೆಯಬೇಕು. ಅರಿಶಿನಕ್ಕೆ ಸುಣ್ಣ ಹಾಕಿ ಕೆಂಪುನೀರು ಕಲಸಿ, ಹತ್ತಿಯಲ್ಲಿ ನೆನೆಸಿ ಅವನ ಅಂಗಿಯೊಳಗೆ ಇಟ್ಟವಳು ನಾನೇ. ಅವ್ವ ಪಕ್ಕದಲ್ಲೇ ಕೂತು ನೋಡಿದ್ದಳು. ಆದರೂ ಕೆಂಪು ಹರಿದದ್ದೇ ತಡ, "ಅಯ್ಯೋ ನನ್ ಕಂದಾ!" ಎಂದು ಕಿರುಚಿಕೊಂಡು ರಂಗಕ್ಕೇ ನುಗ್ಗಿಬಿಟ್ಟಳು. ಸತ್ತು ಬಿದ್ದಿದ್ದ ಅಣ್ಣ ಎದ್ದು ಕೂತು, "ಸುಮ್ಕಿರವ್ವ, ಮಾನ ಕಳೀಬ್ಯಾಡ" ಎಂದ. ಜನ ಬಿದ್ದು ಬಿದ್ದು ನಕ್ಕರು. ಬೀದಿಯ ಯಜಮಾನರಂತೂ "ಒನ್ಸ್‌ಮೋರ್" ಎಂದು ಕೂಗಿದರು. ಮತ್ತೊಂದು ಸಲ ಹೊಟ್ಟೆ ಬಗೆದದ್ದೂ ಆಯಿತು. ನನಗೆ ವಾರಗಟ್ಟಲೆ ತಲೆ ಎತ್ತಿಕೊಂಡು ನೀರಿಗೆ ಹೋಗಲಾಗಲಿಲ್ಲ.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಅಣ್ಣ ಮೆರವಣಿಗೆಗೆ ಹೋಗಿದ್ದ. ಪೊಲೀಸರು ಲಾಠಿ ಬೀಸಿದರು ಎಂಬ ಸುದ್ದಿಯ ಹಿಂದೆಯೇ ಪಕ್ಕದ ಮನೆಯ ಟೈಲರ್ ಹುಸೇನ್ ಸಾಬರು ಅವನನ್ನು ಹೆಗಲ ಮೇಲೆ ಹಾಕಿಕೊಂಡು ಬಂದರು. ತಲೆ ಒಡೆದು ಬಿಳಿ ಅಂಗಿಯೆಲ್ಲ ರಕ್ತ. ಅವ್ವ ಎಲ್ಲಿ ಎದೆ ಒಡೆದುಕೊಳ್ಳುತ್ತಾಳೋ ಎಂದು ಸಾಬರು, "ಏನಿಲ್ಲ ಕಣಮ್ಮ, ನಾಟ್ಕದ ಬಣ್ಣ, ನಾಟ್ಕದ ಬಣ್ಣ" ಎನ್ನುತ್ತಲೇ ಒಳಗೆ ಬಂದರು.

ಅವ್ವ ಅಣ್ಣನ ಕಿವಿಯ ಹಿಂದೆ ಬೆರಳಿಟ್ಟು ನೋಡಿದಳು. ಕಿರುಚಲಿಲ್ಲ.

"ಬಣ್ಣ ಬೆಚ್ಚಗಿರ್ತದಾ ಸಾಬ್ರೇ?" ಎಂದಳು. ನನ್ನ ಕಡೆ ತಿರುಗಿ, "ನೀನ್ಯಾಕೆ ಮರ ನಿಂತಂಗೆ ನಿಂತಿದ್ದೀಯೆ? ಬಿಸ್ನೀರು ತತ್ತಾ!" ಎಂದು ಗದರಿದಳು. ಗಾಯ ತೊಳೆದು, ಸೆರಗು ಹರಿದು ಕಟ್ಟಿದಳು. ವಾಂತಿ ಮಾಡಿಕೊಂಡವಳು ನಾನು.

ಸಂಜೆಗೆ ಅಣ್ಣ ಕಣ್ಣು ಬಿಟ್ಟ. ಅಷ್ಟರಲ್ಲಿ ಊರಲ್ಲಿ ಬೇರೆಯೇ ಮಾತು ಹಬ್ಬಿತ್ತು: ಯಾರೂ ಹೊಡೆದಿಲ್ಲವಂತೆ, ಹುಡುಗರು ಓಡುವಾಗ ಎಡವಿ ಬಿದ್ದರಂತೆ! ನಾನು ಅಂಗಿಯನ್ನು ನೀರಿಗೆ ಅದ್ದುವುದರಲ್ಲಿದ್ದೆ. ಅವ್ವ ಕಿತ್ತುಕೊಂಡಳು.

"ಮುಟ್ಟಬ್ಯಾಡ. ಎಡವಿ ಬಿದ್ದೋನ ಅಂಗಿ ಎಂಗಿರ್ತದೆ ಅಂತ ಎಲ್ಲಾರೂ ನೋಡ್ಲಿ."

ಮಾರನೆಯ ಬೆಳಿಗ್ಗೆ ಮೆರವಣಿಗೆಗೆ ಸೇರಿದವರು ಬೆರಳೆಣಿಕೆಯಷ್ಟು ಮಂದಿ. ಎಲ್ಲರಿಗೂ ಹೆದರಿಕೆ. ಅವ್ವ ಒಂದು ಬಿದಿರ ಗಳವನ್ನು ಅಂಗಿಯ ತೋಳಿನಿಂದ ತೋಳಿಗೆ ತೂರಿಸಿ, ಎತ್ತಿ ಹಿಡಿದು ಎಲ್ಲರ ಮುಂದೆ ನಡೆದಳು. ನಾನು ನಾಚಿಕೆಯಿಂದ ಹತ್ತು ಮಾರು ಹಿಂದೆ.

ಬೀದಿಯ ಯಜಮಾನರು ಅಡ್ಡ ಬಂದರು. "ಇಳಿಸು ಮಾದಮ್ಮ! ಎಂಗಸ್ರು ಮಕ್ಕಳು ಓಡಾಡೋ ಬೀದಿ. ರಕ್ತ ತೋರಿಸ್ಕಂಡು ತಿರುಗ್ತಾರಾ? ಅಸಯ್ಯ!"

"ನಾಟ್ಕದಲ್ಲಿ ಇವನ ಒಟ್ಟೆ ಬಗೆದಾಗ ಇನ್ನೊಂದ್ಸಲ ಅಂದೋರು ನೀವೇ ಅಲ್ವಾ?" ಎಂದಳು ಅವ್ವ. "ಆವತ್ತು ನನ್ ಕೈಲಿ ನೋಡಕ್ಕಾಗ್ನಿಲ್ಲ, ನೀವು ನೋಡುದ್ರಿ. ಇದ್ನ ನಾನು ನೋಡಿವ್ನಿ, ನೀವೂ ನೋಡಿ."

ಯಜಮಾನರು ಜಾಗ ಬಿಡಲಿಲ್ಲ. ಹಿಂದಿದ್ದವರಲ್ಲಿ ಒಬ್ಬಿಬ್ಬರು ಮೆಲ್ಲಗೆ ಮನೆಯ ಕಡೆ ತಿರುಗಿದರು. ಅವ್ವನ ಕೈ ಸೋತು ಗಳದ ಒಂದು ತುದಿ ವಾಲುತ್ತಿತ್ತು. ಅಣ್ಣನ ಅಂಗಿ ಇನ್ನೇನು ಮಣ್ಣಿಗೆ ತಾಗಬೇಕು, ನನಗೆ ಎಲ್ಲಿತ್ತೋ ಸಿಟ್ಟು! ಓಡಿಹೋಗಿ ಆ ತುದಿಯನ್ನು ಎತ್ತಿ ಹಿಡಿದೆ. "ಸರೀರಿ ಯಜಮಾನ್ರೇ, ದಾರಿ ಬುಡಿ" ಎಂದೆ. ಹಿರಿಯರಿಗೆ ನಾನು ಎದುರಾಡಿದ್ದು ಅದೇ ಮೊದಲು.

ಅವರು ಸರಿದರೋ, ನಾವೇ ಬಳಸಿ ಹೋದೆವೋ, ನೆನಪಿಲ್ಲ. ತಿರುಗಿ ನೋಡಿದರೆ ಹುಸೇನ್ ಸಾಬರು ಅಂಗಡಿ ಮುಚ್ಚಿ ಬಂದಿದ್ದರು. ಅವರ ಹಿಂದೆ ಬೀದಿಯ ಹೆಂಗಸರು ಒಬ್ಬೊಬ್ಬರೇ ಹೊರಗೆ ಬರುತ್ತಿದ್ದರು. ಸಾಲಾಗಿ ನಿಂತಿದ್ದ ಪೊಲೀಸರ ಎದುರೇ ಅಂಗಿಯನ್ನು ಹಿಡಿದು ಹಾದುಹೋದೆವು. ಎಡವಿ ಬಿದ್ದರು ಎಂಬ ಮಾತನ್ನು ಆಮೇಲೆ ಯಾರೂ ಆಡಲಿಲ್ಲ.

ಅಣ್ಣನ ಗಾಯ ತಿಂಗಳೊಪ್ಪತ್ತಿನಲ್ಲಿ ಮಾಯಿತು. ನನಗೆ ಇವತ್ತಿಗೂ ಚುಚ್ಚುವುದು ಆ ಹತ್ತು ಮಾರು. ಅಷ್ಟು ಹಿಂದೆ ಉಳಿದು ಅವ್ವನನ್ನು ಒಬ್ಬಳೇ ನಡೆಯಲು ಬಿಟ್ಟೆನಲ್ಲ.